ಥಾಯ್ಲೆಂಡಿನಾಗ ತುಂಬಿದ ಉಡಿ

ಥಾಯ್ಲೆಂಡಿಗೆ ಹೋಗಿ ಬಂದ ಮ್ಯಾಲೆ ನಮ್ಮ ಓಣ್ಯಾಗ ಎಲ್ಲಾರದೂ ಒಂದ ಪ್ರಶ್ನೆ: "ಸಮುದ್ರ ಹ್ಯಾಂಗೈತಿ ನೀಲಕ್ಕಾ?" ನಾಕ ದಿನಾ ಸಮುದ್ರದ ಬಗಲಾಗ ಇದ್ದು ಒಂದ ಸಲಾನೂ ಕಾಲ ತೊಯಿಸಿಕೊಳ್ಳದ ಬಂದಾಕಿನ್ನ ಏನ್ ಕೇಳತೀರಿ? ಸಪ್ಪಳಾ ಕೇಳೀನಿ. ಹೊಳಿ ಬಂದಾಗ ಕೇಳಸ್ತೈತಲ್ಲ, ಅಂಥಾದ್ದ ಸಪ್ಪಳಾ. ನಾ ಕಣ್ಣಾರೆ ಕಂಡದ್ದು ನೆಲದ ಕೆಳಗಿನ ಅಡಗಿಮನಿ, ಭಾಂಡೆ ತಿಕ್ಕೊ ಜಾಗಾ, ಮತ್ತ ನಮ್ಮೂರಿನ ಶ್ರೀಮಂತರ ಖರೇ ಮಾರಿ.

ನಾನು ನರಗುಂದದಾಗ ರೊಟ್ಟಿ ಬಡಿಯಾಕಿ. ಖಾನಾವಳಿಗೆ, ಮದವಿ ಮನಿಗೆ ಮಾಡಿ ಕೊಡೂದು ನನ್ನ ಉದ್ಯೋಗ. ಏಳನೇತ್ತಾ ಮುಗಿಸಿ ಸಾಲಿ ಬಿಟ್ಟೆ, ಆದರ ಓದೂದು ಬಿಡಲಿಲ್ಲ. ಪರದೇಶ ತಿರಗಿ ಬಂದವರು ಬರದ ಪುಸ್ತಕ ವಾಚನಾಲಯದಾಗ ರಗಡ ಓದೀನಿ. ಎಲ್ಲಾದರಾಗೂ ಗುಡಿ, ಗೋಪುರ, ಸೂರ್ಯಾ ಮುಣಗೂದು. ಆ ಮಂದಿ ಉಂಡ ತಾಟು ಯಾರ ತೊಳದ್ರು ಅನ್ನೂದು ಒಂದರಾಗೂ ಇಲ್ಲ. ಹಂಗಾರ ನಾನ ಬರದರ ಆತು ಅಂತ ಕುಂತೀನಿ.

ನರಗುಂದ

ನಮ್ಮನ್ನ ಕರಕೊಂಡ ಹೋದವರು ನಮ್ಮೂರಾಗ ಕಾಳಿನ ಅಡತಿ ಇಟ್ಟು ದೊಡ್ಡವರಾದ ಸಾವಕಾರ್ರು. ಈಗ ಪುಣೆದಾಗ ಇರ್ತಾರ. ವರ್ಷಕ್ಕೊಮ್ಮೆ ಊರಿಗೆ ಬಂದ್ರ ಕಾರಿನ ಕಾಜು ಇಳಸೂದಿಲ್ಲ, ಧೂಳ ಬರ್ತದಂತ. ಅದ ಧೂಳಿನಾಗ ಚೀಲಾ ಹೊತ್ತವರಿಂದ ಶ್ರೀಮಂತರಾದವರಿಗೆ ಈಗ ಆ ಧೂಳಿಗೆ ಕೆಮ್ಮ ಬರತೈತಿ. ಅವರ ಮಗಳ ಮದವಿ ಥಾಯ್ಲೆಂಡಿನ ಸಮುದ್ರದ ದಂಡಿ ಮ್ಯಾಲ. "ಯಾಕ್ರಿ ಅಕ್ಕಾರ, ನಮ್ಮ ಗುಡ್ಡದ ಬುಡಕ್ಕ ಜಾಗಾ ಇದ್ದಿದ್ದಿಲ್ಲೇನ್ರಿ?" ಅಂತ ಮದುಮಗಳ ತಾಯಿ ಸುಮಿತ್ರಕ್ಕಾರನ್ನ ಕೇಳಿದೆ. ಅವರು ನಕ್ಕರು. "ಊರಾಗ ಮಾಡಿದ್ರ ಊರಿನ ಮಂದಿ ಎಲ್ಲಾ ಬರ್ತಾರಲ್ಲ ನೀಲವ್ವಾ" ಅಂದ್ರು. ಬಾಯಿ ತಪ್ಪಿ ಅವರು ಖರೇ ಮಾತಾಡಿದ್ದು ಅದೊಂದ ಸಲಾ.

ಊರಿನ ಮಂದಿ ಬ್ಯಾಡ, ಊರಿನ ರೊಟ್ಟಿ ಬೇಕು. ಅದೂ ಬೀಗರ ಕಣ್ಣ ಮುಂದ ಬಡದು, ಹಂಚಿನ ಮ್ಯಾಲಿಂದ ನೇರ ತಾಟಿಗೆ ಹಾಕೂ ಬಿಸಿ ರೊಟ್ಟಿ. ಇಬ್ಬರು ಹೆಣಮಕ್ಕಳು ಬೇಕಂದ್ರು. ಒಬ್ಬಾಕಿ ನಾನು, ಇನ್ನೊಬ್ಬಾಕಿ ಶಾಂತವ್ವ.

ಶಾಂತವ್ವ ಹೊಳೆಮಣ್ಣೂರಿನ ಸೊಸಿ. ಹೊಳಿ ಬಂದು ಮನಿ ಗ್ವಾಡಿ ಕುಂತ ವರ್ಷ ಗಂಡಾ ಹೆಂಡತಿ ನರಗುಂದಕ್ಕ ಬಂದು ನಿಂತರು. ಗಂಡ ಗೋವಾಕ್ಕ ಗೌಂಡಿ ಕೆಲಸಕ್ಕ ಹೋಗ್ತಾನ, ಈಕಿ ನನ್ನ ಹಂತ್ಯಾಕ ರೊಟ್ಟಿ ಬಡೀತಾಳ. ಆಕಿ ಕೈಯಾಗ ರೊಟ್ಟಿ ತಿರಗೂದು ನೋಡಬೇಕ್ರಿ, ಅಂಚ ಹರಿಯೂದ ಗೊತ್ತಿಲ್ಲ. ಮದವ್ಯಾಗಿ ಹತ್ತ ವರ್ಷ ಆತು, ಮಕ್ಕಳಿಲ್ಲ. ನಮ್ಮ ಕಡೆ ಶುಭ ಕಾರ್ಯಕ್ಕ ಮಕ್ಕಳೊಂದಿಗಳನ್ನ, ಅಂದ್ರ ಮಕ್ಕಳಿದ್ದ ಮುತ್ತೈದೇರನ್ನ, ಆರಿಸಿ ಕರೀತಾರ. ಉಡಿ ತುಂಬಾಕ ನಿಂತರಂದ್ರ, ಸೆರಗಿನಾಗ ಅಕ್ಕಿ, ಕಾಯಿ, ಕುಬಸಾ ಹಾಕಿ ಹರಸಾಕ ನಿಂತರಂದ್ರ, ಈಕಿನ್ನ ದಾಟಿ ಮುಂದಿನಾಕಿ ಕಡೆ ಹೋಗ್ತಾರ. ಒಮ್ಮೆ ನನ್ನ ಕಣ್ಣ ಮುಂದ ಹಂಗಾತು. ಒಡ್ಡಿದ್ದ ಸೆರಗಿನಾಗ ಶಾಂತವ್ವ ಮಾರಿ ಒರಸಿಕೊಂಡ್ಲು, ಬೆವರ ಬಂದಿತ್ತು ಅನ್ನೂಹಂಗ. ಈ ಸಲ ಥಾಯ್ಲೆಂಡಿಗೆ ಹೊಂಟ ವಾರನ ಆಕಿ ನೆಗೆಣ್ಣಿ ಮಗನ ತೊಟ್ಟಲ ಕಾರ್ಯ ಇತ್ತು. "ನಾ ಅಲ್ಲಿದ್ರ ಎಲ್ಲಾರಿಗೂ ಮುಜುಗರ, ನನ್ನ ಕರಕೊಂಡ ನಡಿ ನೀಲಕ್ಕಾ" ಅಂದ್ಲು.

ವಿಮಾನ

ನಮ್ಮ ಗಂಟಿನಾಗ ಎರಡ ಕಬ್ಬಿಣದ ಹಂಚು ಇದ್ವು. ಪರದೇಶದಾಗ ಅಂಥಾವು ಸಿಗತಾವೋ ಇಲ್ಲೋ ಅಂತ ಕೈಯಾಗ ಹಿಡಕೊಂಡ ಹೋದ್ವಿ. ವಿಮಾನ ನಿಲ್ದಾಣದಾಗ ತಪಾಸಣಿ ಮಾಡಾವ ಗಾಬರ್ಯಾದ.

"ಏನಮ್ಮ ಇದು?"

"ಹಂಚ್ರಿ. ರೊಟ್ಟಿ ಬೇಯಿಸೂದು."

"ಇದನ್ನ ತಗೊಂಡು ಯಾರದಾದ್ರೂ ತಲೆಗೆ ಹೊಡೆದ್ರೆ?"

"ಹೊಡಿಯೂದಿದ್ರ ನಮ್ಮೂರಾಗ ರಗಡ ತಲಿ ಇದ್ವ್ರಿ. ಇಷ್ಟ್ ದೂರ ಯಾಕ ಹೊತ್ಕೊಂಡ ಬರತಿದ್ದೆ?"

ಅಂವ ನಕ್ಕ, ಹಂಚು ವಿಮಾನದ ಹೊಟ್ಟಿಗೆ ಕಳಿಸಿದ. ಆಮ್ಯಾಲೆ ಶಾಂತವ್ವನ ಕಾಲುಂಗರಕ್ಕ ಯಂತ್ರ ಕಿರ್ ಅಂತು. "ತಗೀರಿ" ಅಂದ್ರು. "ಗಂಡ ಜೀವಂತ ಅದಾನ್ರಿ, ತಗ್ಯೂದಿಲ್ಲ" ಅಂತ ಆಕಿ ಅಲ್ಲೇ ನೆಲಕ್ಕ ಕುಂತ್ಲು. ಹಿಂದ ಸರತಿ ಬೆಳೀತು. ಒಬ್ಬ ಹೆಣ್ಣ ಪೊಲೀಸ್ ಬಂದು, ಬಗ್ಗಿ ಕಾಲ ನೋಡಿ, "ಹೋಗಮ್ಮ ತಾಯಿ" ಅಂತ ಬಿಟ್ಳು.

ವಿಮಾನದಾಗ ಸಾವಕಾರ್ರ ಮನಿ ಮಂದಿ ಮುಂದ, ನಾವು ಪಾಯಖಾನಿ ಬಾಗಲದ ಹಂತ್ಯಾಕ. ನಡುವ ಒಂದ ಪರದೆ. ವಿಮಾನ ಏರಿದ ಕೂಡ್ಲೆ ಗಗನಸಖಿ ಬಂದು ಆ ಪರದೆ ಎಳದ್ಲು. ನಾ ರೋಣಕ್ಕ ಹೋಗೂ ಬಸ್ಸಿನಾಗ ಹಿಂದಿನ ಶೀಟಿನ್ಯಾಗ ಕುಂತು ಎಷ್ಟೋ ಸಲ ನಡಾ ಮುರಕೊಂಡೀನಿ, ಆದರ ಮುಂದಿನವರ ತಲಿ ಕಾಣಸ್ತಿತ್ತು, ಅವರು ಜಿಗಿದ್ರ ನಾವೂ ಜಿಗೀತಿದ್ವಿ. ಇಲ್ಲೆ ಅದೂ ಇಲ್ಲ. ಹಿಂದಿನವರು ಅದಾರ ಅನ್ನೂದ ಮುಂದಿನವರಿಗೆ ಗೊತ್ತಾಗಬಾರದಂತ ಅಷ್ಟ್ ಮ್ಯಾಲ ಹೋಗಿ ಅರಬಿ ಕಟ್ಟಿಕೊಂಡಾರ.

ಮೊದಲನೇ ದಿನ: ನೆಲದ ಕೆಳಗ

ಹೋಟೆಲ್ಲಿನ ಮುಂದಿನ ಬಾಗಲದಾಗ ಬಂದವರ ಕೊಳ್ಳಿಗೆ ಹೂವಿನ ಮಾಲಿ ಹಾಕಿ, ಕೈಗೆ ಬಂಗಾರ ಬಣ್ಣದ ಪಟ್ಟಿ ಕಟ್ಟಾಕತ್ತಿದ್ರು. ನಮ್ಮಿಬ್ಬರಿಗೆ ಬೂದಿ ಬಣ್ಣದ ಪಟ್ಟಿ. ಕಟ್ಟಿದಾಕಿ ಮದವಿ ಗುತ್ತಿಗಿ ಹಿಡಿದ ಕಂಪನಿಯ ಮುಂಬೈ ಹುಡುಗಿ. ಆಕಿ ಕೈಯಾಗ ಯಾವಾಗ್ಲೂ ಒಂದ ಯಾದಿ ಇರ್ತಿತ್ತು, ಅದಕ್ಕ ನಾವು ಆಕಿಗೆ ಯಾದಿ ಹುಡುಗಿ ಅಂತ ಹೆಸರಿಟ್ವಿ. ಬೂದಿ ಪಟ್ಟಿಯವರು ಮುಂದಿನ ಬಾಗಲಕ್ಕ ಬರೂಹಂಗಿಲ್ಲ, ಉಸುಕಿನ ಮ್ಯಾಲ ಅಡ್ಡಾಡೂಹಂಗಿಲ್ಲ, ಬಂಗಾರ ಪಟ್ಟಿಯವರ ಜೋಡಿ ಮಾತಾಡೂಹಂಗಿಲ್ಲ. ಬಂದವರಾಗ ಗುರತಿನವರೂ ಇದ್ರು. ಗಜೇಂದ್ರಗಡದ ಒಬ್ಬರ ಮನ್ಯಾಗ ಮೂರ ಮದವಿಗೂ ನಾನ ರೊಟ್ಟಿ ಬಡದೀನಿ, "ನೀಲವ್ವಾ ಇನ್ನೊಂದ ತಾರವಾ" ಅಂತ ಕೂಗಿ ಕೂಗಿ ಉಂಡವರು. ಎದುರಿಗೆ ಬಂದ್ರು, ನನ್ನ ಪಟ್ಟಿ ನೋಡಿದ್ರು, ಫೋನಿನಾಗ ಮಾರಿ ಇಟ್ಟು ದಾಟಿ ಹೋದ್ರು. ಥೂ, ಇವರ ನಾಲಿಗಿಗೆ ನೆನಪೈತಿ, ಕಣ್ಣಿಗಿಲ್ಲ.

ಆ ಹೋಟೆಲ್ಲಿನ ಕೆಳಗ ಇನ್ನೊಂದು ಊರ ಐತ್ರಿ. ಮ್ಯಾಲ ಸಂಗಮರವರಿ ಕಲ್ಲು, ತಾವರಿ ಹೊಂಡ, ತಂಪ ಗಾಳಿ. ಕೆಳಗ ಉದ್ದಕ ಒಂದ ಓಣಿ, ತಲಿ ಮ್ಯಾಲ ಕೊಳವಿ, ಅರಬಿ ತೊಳಿಯೂ ಯಂತ್ರದ ಗದ್ದಲಾ, ಒಲಿ ಶಕಿ. ಅಲ್ಲೆ ನೂರಾರು ಮಂದಿ ಓಡಾಡತಾರ. ಮ್ಯಾಲಿನವರು ಒಂದ ಗುಂಡಿ ಒತ್ತಿದ್ರ ಕೆಳಗಿನವರು ಹತ್ತ ಮಂದಿ ಓಡತಾರ. ಕೆಲಸಕ್ಕಂತ ಮ್ಯಾಲ ಹೋದಾಗ ಅತಿಥಿ ಎದುರ ಬಂದ್ರ ಗ್ವಾಡಿಗೆ ಹತ್ತಿ ನಿಂತು ತಲಿ ಬಗ್ಗಿಸಬೇಕು, ಅವರು ದಾಟೂತನಕ. ನಮ್ಮ ಕಡೆ ದೇವರ ಪಲ್ಲಕ್ಕಿ ಬಂದ್ರ ಮಂದಿ ಹಂಗ ನಿಲ್ಲತಾರ. ಇಲ್ಲೆ ಚಡ್ಡಿ ಹಾಕ್ಕೊಂಡು, ಕೈಯಾಗ ಬಿಯರ ಡಬ್ಬಿ ಹಿಡದ ಸಾವಕಾರ್ರ ಅಳಿಯಗೋಳಿಗೆ ಆ ಮರ್ಯಾದಿ.

ಭಾಂಡೆ ತಿಕ್ಕೊ ಮನ್ಯಾಗ ನೋಯ್ ಅನ್ನಾಕಿ ಇದ್ಲು, ನನ್ನ ವಯಸ್ಸಿನಾಕಿ. ಆಕಿ ಮಾತ ನಮಗ ಬರೂದಿಲ್ಲ, ನಮ್ಮ ಮಾತ ಆಕಿಗೆ ಬರೂದಿಲ್ಲ, ಮೂರೂ ಮಂದಿ ಕೈ ಸನ್ನಿ ಮ್ಯಾಲ ನಾಕ ದಿನಾ ಹರಟಿ ಹೊಡದ್ವಿ. ಮೊದಲನೇ ದಿನಾನ ಊಟಕ್ಕ ಕರದ್ಲು. ಬಿದರ ಬುಟ್ಟ್ಯಾಗ ಅಂಟಂಟ ಅನ್ನಾ. ಕೈಯಾಗ ಸಣ್ಣ ಉಂಡಿ ಮಾಡಿ, ಕಲ್ಲಾಗ ಕುಟ್ಟಿದ ಖಾರಕ್ಕ ಅದ್ದಿ ತಿನ್ನೂದು. ಖಾರ ಅಂದ್ರ ಖಾರ್ರಿ, ಕಣ್ಣಾಗ ನೀರ ಬಂದು "ಇದು ನಮ್ಮ ಮಂದಿ" ಅನಿಸಿತು. ಅರ್ಧಾ ಬುಟ್ಟಿ ಖಾಲಿ ಮಾಡಿದ ಮ್ಯಾಲೆ, ಖಾರದಾಗ ಏನೇನ ಹಾಕೀರಿ ಅಂತ ಕೈಲೆ ಕೇಳಿದೆ. ನೋಯ್ ಎರಡೂ ಅಂಗೈ ಕೂಡಿಸಿ ನೀರಾಗ ಈಸಿ ತೋರಿಸಿದ್ಲು. ಮೀನು! ಹುಟ್ಟಿ ಬೆಳದಾಗಿಂದ ಮುಟ್ಟದ್ದನ್ನ ಚಪ್ಪರಿಸಿ ತಿಂದ ಕುಂತಿದ್ದೆ. ಶಾಂತವ್ವ ಬಿದ್ದ ಬಿದ್ದ ನಕ್ಕಳು. ನಾ ಮೂರ ಸಲ ಬಾಯಿ ತೊಳಕೊಂಡೆ, ಮರದಿನದಿಂದ ಬರೀ ಅನ್ನಾ ಬಾಳೆಹಣ್ಣು ಉಂಡೆ. ನೋಯ್‌ಗೆ ಬ್ಯಾಸರಾಗಬಾರದಂತ ಮಾರಿ ಮಾತ್ರ ನಗನಗತಾ ಇಟಗೊಂಡೆ.

ಫೋನಿನಾಗ ಆಕಿ ತನ್ನೂರ ತೋರಿಸಿದ್ಲು. ಸಮುದ್ರ ಗಿಮುದ್ರ ಇಲ್ಲ, ಬಿರಕ ಬಿಟ್ಟ ನೆಲ, ಎರಡ ಎಮ್ಮಿ, ತಗಡಿನ ಮನಿ. ಬ್ಯಾಸಗ್ಯಾಗ ನಮ್ಮ ಕಡೆ ಸವಡಿ ಊರಿನ ಹೊಲಾ ನೋಡಿದಂಗಾತು. ಮಗಳ ಕೂಸು ಅಲ್ಲೆ ಬೆಳ್ಯಾಕತ್ತೈತಿ, ಈಕಿ ವರ್ಷಕ್ಕೊಮ್ಮೆ ಹೋಗಿ ನೋಡಿ ಬರ್ತಾಳ. ಶಾಂತವ್ವ ಆ ಕೂಸಿನ ಚಿತ್ರದ ಮ್ಯಾಲ ಮೆಲ್ಲಕ ಬೆರಳ ಆಡಿಸಿದ್ಲು.

ಎರಡನೇ ದಿನ: ಥರ್ಮಾಕೋಲಿನ ಹಳ್ಳಿ

ನಮಗ ರೊಟ್ಟಿ ಬಡಿಯಾಕ ಕೊಟ್ಟ ಜಾಗಾ ನೋಡಿ ನಾನು ಬಾಯಿ ತಕ್ಕೊಂಡ ನಿಂತೆ. ಹುಲ್ಲಿನ ಚಪ್ಪರ, ಬಾವಿ, ಚಕ್ಕಡಿ, ಎರಡ ಬಿಳಿ ಎತ್ತು, ಎಲ್ಲಾ ಥರ್ಮಾಕೋಲು. ಬಾವ್ಯಾಗ ನೀಲಿ ದೀಪ. ಮ್ಯಾಲ "ನಮ್ಮ ಹಳ್ಳಿ" ಅಂತ ಬೋರ್ಡು. ಖರೇ ಹಳ್ಳ್ಯಾಗ ಕಾಜು ಇಳಸದವರು ಇಲ್ಲೆ ಸುಳ್ಳ ಎತ್ತಿನ ಕೊಳ್ಳ ಅಪ್ಪಿ ಫೋಟೋ ತಗಸಿಕೊಂಡ್ರು. ಒಬ್ಬಾಕಿ ಸೆಗಣಿ ಯಾಕಿಲ್ಲ ಅಂತ ಕೇಳಿ ತಾನ ಕಿಸಕ್ಕಂತ ನಕ್ಕಳು. ತರೂದಿತ್ತು ಊರಾಗಿಂದ ಒಂದ ಬುಟ್ಟಿ ಅನಿಸಿತು ನನಗ.

ಯಾದಿ ಹುಡುಗಿ ಬಂದು ನಮ್ಮ ಸೀರಿ ನೋಡಿ ಮಾರಿ ಕಿವಿಚಿದ್ಲು. ನಾವು ಉಟ್ಟದ್ದು ಹೂವಿನ ಪಾಲಿಸ್ಟರ್, ದಿನಾ ಉಡೂದು ಅದನ. ಹಳ್ಳಿಯಿಂದ ಬಂದ ನಾವು ಹಳ್ಳಿ ಹೆಂಗಸರ ಗತೆ ಕಾಣೂದಿಲ್ಲಂತ! ಪೆಟಿಗಿಯಿಂದ ಇಳಕಲ್ಲ ಸೀರಿ ತಗದ ಉಡಿಸಿದ್ಲು, ಮೂಗಿಗೆ ಸುಳ್ಳ ನತ್ತು ಸಿಗಿಸಿದ್ಲು, ಹಸರ ಬಳಿ ಏರಿಸಿದ್ಲು. ಆಮ್ಯಾಲೆ ಕೇಳಲಿಲ್ಲ ಏನಿಲ್ಲ, ನನ್ನ ಹಣಿ ಮ್ಯಾಲ ರೂಪಾಯಿ ಅಗಲ ಕುಂಕಮಾ ಒತ್ತಿದ್ಲು. ನನ್ನ ಗಂಡ ತೀರಿ ಹನ್ನೊಂದ ವರ್ಷ ಆತು. ಶಾಂತವ್ವ ಗಾಬರಿಯಾಗಿ ನನ್ನ ನೋಡಿದ್ಲು. ಬ್ಯಾಡ ಅನ್ನಬೇಕಂದೆ, ಅನ್ನಲಿಲ್ಲ. ಬಾವ್ಯಾಗ ಬಗ್ಗಿ ನೋಡಿದ್ರ ನೀರಿಲ್ಲ, ಕಡೀಕೆ ಚಂಚದ ಹಿಂಬದಿ ಹಿಡದ ಮಾರಿ ನೋಡಿಕೊಂಡೆ. ಚಲೋ ಕಾಣತಿದ್ದೆ ಖರೇನ. ಆದರ ಆ ಹುಡುಗಿಗೆ ನಾನೂ ಒಂದ ಥರ್ಮಾಕೋಲಿನ ಎತ್ತು ಅನ್ನೂದು ನೆನಪಾಗಿ ಸಿಟ್ಟ ಬಂತು.

ರೊಟ್ಟಿ ಭಾಳ ಮಂದಿ ತಿನ್ನಲಿಲ್ಲ. ನಿಂತು ವಿಡಿಯೋ ಮಾಡಿದ್ರು, ತುದಿ ಮುರದ ಬಾಯಾಗ ಹಾಕ್ಕೊಂಡ್ರು, ಉಳದದ್ದು ತಾಟಿನ್ಯಾಗ ಬಿಟ್ಟರು. ಬಡದ ರೊಟ್ಟಿ ಹಂಗ ಕಸದಬುಟ್ಟಿಗೆ ಬೀಳೂದನ್ನ ನಾ ನಲವತ್ತ ವರ್ಷದಾಗ ನೋಡಿದ್ದಿಲ್ಲ.

ಮೂರನೇ ದಿನ, ಮುಂಜಾನಿ: ಸುರಗಿ

ಮದವಿಗಿಂತ ಮೊದಲ ಸುರಗಿ ಆಗಬೇಕಲ್ರಿ. ನಾಕ ಮೂಲಿಗೆ ನಾಕ ತಂಬಿಗಿ ಇಟ್ಟು, ಅವಕ್ಕ ನೂಲ ಸುತ್ತಿ, ನಡುವ ಮದುಮಗಳನ್ನ ಕುಂದ್ರಿಸಿ ನೀರೆರಿಯೂದು. ಐದ ಮಂದಿ ಮುತ್ತೈದೇರು ಬೇಕು. ಅವರ ಉಡಿ ತುಂಬಿ, ಮದುಮಗಳ ತಾಯಿ ಅವರ ಕಾಲಿಗೆ ಬೀಳಬೇಕು. ಸಾವಕಾರ್ರ ತಾಯಿ ದೊಡ್ಡಮ್ಮಾರು, ಗಾಲಿ ಖುರ್ಚ್ಯಾಗ ಕುಂತಾಕಿ, ಇದೊಂದು ಮಾತ್ರ ಊರಿನ ಪದ್ಧತಿಯಂಗ ಆಗಬೇಕಂತ ಹಟಾ ಹಿಡದಿದ್ರು.

ಅಷ್ಟ್ ದೊಡ್ಡ ಬಳಗದಾಗ ಐದ ಹೆಣಮಕ್ಕಳು ಕೂಡಲಿಲ್ಲ! ಒಬ್ಬಾಕಿ ಮಾಲೀಸ ಮಾಡಿಸಿಕೊಳ್ಳಾಕ ಹೋಗಿದ್ಲು, ಒಬ್ಬಾಕಿ ಕುಡದದ್ದು ಇಳಿದಿದ್ದಿಲ್ಲ, ಒಬ್ಬಾಕಿ ಬಿಸಲಿಗೆ ಬಣ್ಣ ಕರಗತೈತಂತ ಕೋಣಿ ಬಿಟ್ಟ ಬರಲಿಲ್ಲ. ನಾಕ ಮಂದಿ ಆದ್ರು, ಐದನೇದಾಕಿ ಇಲ್ಲ. ಮುಹೂರ್ತ ಮೀರಾಕ ಬಂತು. ದೊಡ್ಡಮ್ಮಾರು ಸಿಟ್ಟಿಗೆದ್ದು, "ನಮ್ಮೂರಿಂದ ಬಂದ ರೊಟ್ಟಿ ಹೆಣಮಕ್ಕಳದಾರಲ್ಲ, ಅವರಾಗ ಒಬ್ಬಾಕಿನ್ನ ಕರೀರಿ" ಅಂದ್ರಂತ.

ಯಾದಿ ಹುಡುಗಿ ಓಡಿ ಬಂದು, ಅವತ್ತೂ ತಾನ ನನಗ ಒತ್ತಿದ್ದ ಕುಂಕಮಾ ನೋಡಿ ನನ್ನ ಕೈ ಹಿಡದ್ಲು. ನಾ ಕೈ ಬಿಡಿಸಿಕೊಂಡು ಶಾಂತವ್ವನ್ನ ಮುಂದ ದಬ್ಬಿದೆ.

"ನಾ ಹ್ಯಾಂಗ ಹೋಗಲಿ ನೀಲಕ್ಕಾ?" ಆಕಿ ಹಿಂದಕ್ಕ ಸರದ್ಲು.

"ಕಾಲಲೆ ನಡಕೊಂತ ಹೋಗು. ಕಣ್ಣ ಒರಸಿಕೋ ಮೊದಲ."

ಮದುಮಗಳ ಸುರಗ್ಯಾಗ ತುಂಬಿಸಿಕೊಂಡ ಉಡಿ ಮನಿಗೆ ಒಯ್ದು, ಆ ಅಕ್ಕಿ ಅನ್ನಾ ಮಾಡಿ ಗಂಡಾ ಹೆಂಡತಿ ಉಂಡರ ಮಡಲ ತುಂಬತೈತಿ, ಮಕ್ಕಳಾಗತಾವು ಅಂತ ನಮ್ಮ ಹೆಣಮಕ್ಕಳು ಅಂತಾರ. ನಾ ನಂಬೂದಿಲ್ಲ. ಶಾಂತವ್ವ ನಂಬತಾಳ. ಹತ್ತ ವರ್ಷದಿಂದ ಯಾರೂ ಕೊಡದ್ದು ಇವತ್ತ ತಾನಾಗೆ ಬಂದಿತ್ತು. ನಾ ಗಿಡದ ಮರಿಗೆ ನಿಂತು ನೋಡಿದೆ. ಸುಮಿತ್ರಕ್ಕಾರು ಆಕಿ ಸೆರಗಿನಾಗ ಅಕ್ಕಿ ಹಾಕಿದ್ರು, ಕಾಯಿ, ಉತ್ತತ್ತಿ, ಅಡಿಕಿ, ಅರಿಷಿಣ ಕೊಂಬು, ಬೆಲ್ಲಾ, ಕುಬಸಾ ಇಟ್ಟರು, ಬಗ್ಗಿ ಕಾಲ ಮುಟ್ಟಿದ್ರು. ಫೋಟೋದಾವ, "ಬೆಳಕು ಬರಲಿಲ್ಲ ಮೇಡಂ, ಇನ್ನೊಂದ್ಸಲ" ಅಂದ. ಎರಡನೇ ಸಲ ಬಗ್ಗಿದಾಗ ಕೈ ಕಾಲತನಕ ಹೋಗಲೇ ಇಲ್ಲ. ಹೋಗಲಿ ಬಿಡ್ರಿ. ಶಾಂತವ್ವನ ಮಾರಿ ಮ್ಯಾಲ ಆವತ್ತ ಇದ್ದ ಕಳೆ ನಾ ಮದವಿ ಹೆಣ್ಣಿನ ಮಾರಿ ಮ್ಯಾಲೂ ಕಾಣಲಿಲ್ಲ.

ಮುಗದ ಕೂಡ್ಲೆ ಆ ನಾಕ ಮಂದಿ ಶ್ರೀಮಂತ ಮುತ್ತೈದೇರು ಏನ್ ಮಾಡಿದ್ರು ಗೊತ್ತೇನ್ರಿ? ರೇಶಿಮಿ ಸೀರಿ ಹಾಳಾಗತೈತಂತ ಉಡಿ ತಗದು ಬಾಜೂಕಿನ ಟೇಬಲ್ ಮ್ಯಾಲ ಸುರವಿ, ಕೈ ಝಾಡಿಸಿಕೊಂಡು ಹೋದ್ರು. ಯಾದಿ ಹುಡುಗಿ ನಾಕೂ ಉಡಿ ಒಂದ ಪರಾತಕ್ಕ ಹಾಕಿ, ಯಾದ್ಯಾಗ ಗುರ್ತ ಹಾಕಿ, ಶಾಂತವ್ವನ ಮುಂದ ಬಂದು ನಿಂತ್ಲು.

"ಆಂಟೀ, ಯೇ ಭೀ ವಾಪಸ್."

ಇದನ್ನೂ ತಿರಗಿ ಕೊಡಬೇಕಂತ! ಶಾಂತವ್ವ ಸೆರಗ ಗಟ್ಟಿ ಹಿಡಕೊಂಡ್ಲು. ನಾ ಓಡಿದೆ, ನನಗ ಬರೂ ಹರಕ ಮುರಕ ಹಿಂದ್ಯಾಗ ಕೊಡೂಹಂಗಿಲ್ಲ ಅಂದೆ. ಆ ಹುಡುಗಿ ಸುಮಿತ್ರಕ್ಕಾರ ಕಡೆ ನೋಡಿದ್ಲು. ಅವರು ಹಂತ್ಯಾಕ ನಿಂತಿದ್ರು, ಎಲ್ಲಾ ನೋಡಿದ್ರು. "ಕೊಟ್ಟ ಬಿಡವಾ, ಯಾಕ ಗದ್ದಲಾ? ಊರಿಗೆ ಹೋದ ಮ್ಯಾಲೆ ಅದರಂಥಾ ಹತ್ತ ಕುಬಸಾ ಕೊಡಸ್ತೀನಿ" ಅಂದು ಕನ್ನಡಿ ನೋಡಿಕೊಂಡ್ರು. ಸುಮಿತ್ರಕ್ಕಾರ ಹುಟ್ಟಿದೂರ ನರಗುಂದ, ತಾಯಿ ಕೈಲೆ ಉಡಿ ತುಂಬಿಸಿಕೊಂಡ ಗಂಡನ ಮನಿಗೆ ಬಂದಾಕಿ. ಯಾದಿ ಹುಡುಗಿಗೆ ಗೊತ್ತಿಲ್ಲ, ಆಕಿನ್ನ ಬಿಡ್ರಿ. ಇವರಿಗೆ ಗೊತ್ತಿತ್ತು. ತುಂಬಿದ ಉಡಿ ಕಸಗೊಂಡ್ರು.

ಅದ ದಿನಾ: ಭಾಂಡೆ ಮನಿ

ಶಾಂತವ್ವ ಕೆಳಗ ಬಂದು ಗ್ವಾಡಿಗೆ ತಲಿ ಹಚ್ಚಿ ಅತ್ತಳು. ಎಂದೂ ಸಪ್ಪಳಾ ಮಾಡಿ ಅಳದಾಕಿ, ಅವತ್ತ ದನಿ ತಗದ ಅತ್ತಳು. "ದಾಟಿ ಹೋಗೂದ ಚಲೋ ಇತ್ತ ನೀಲಕ್ಕಾ, ಕೊಟ್ಟ ಕಸಗೊಂಡ್ರಲ್ಲ" ಅಂದ್ಲು.

ನೋಯ್ ಕೈಯಾಗಿನ ತಾಟ ಬಿಟ್ಟ ಬಂದ್ಲು. ಆಕಿ ಹಿಂದ ಇನ್ನೂ ಮೂರ ನಾಕ ಹೆಣಮಕ್ಕಳು. ಏನಾತು ಅಂತ ಕೈಲೆ ಕೇಳಿದ್ರು. ನಾ ಹ್ಯಾಂಗ ಹೇಳಲಿ? ಸೆರಗ ಒಡ್ಡಿ ತೋರಿಸಿದೆ, ಅಕ್ಕಿ ಹಾಕಿದಂಗ ಮಾಡಿದೆ, ಹೊಟ್ಟಿ ಮುಟ್ಟಿ ಕೂಸಿನ್ನ ತೂಗಿದಂಗ ಮಾಡಿದೆ, ಆಮ್ಯಾಲೆ ಮ್ಯಾಲ ಬೆರಳ ಮಾಡಿ ಕಸಗೊಂಡದ್ದ ತೋರಿಸಿದೆ. ನೋಯ್ ಅಂದ್ರ ನೋಯ್! ಎಲ್ಲಾ ತಿಳೀತು ಆಕಿಗೆ. ತನ್ನ ಮಾತಿನ್ಯಾಗ ಮ್ಯಾಲಿನವರಿಗೆ ಏನೋ ಅಂದ್ಲು, ಉಳಿದವರು ಗೋಣ ಹಾಕಿದ್ರು. ಬೈಗುಳ ಯಾವ ಭಾಷ್ಯಾಗಿದ್ರೂ ಗೊತ್ತಾಗತೈತ್ರಿ.

ತಮ್ಮ ಊಟಕ್ಕಂತ ಇಟ್ಟ ಅಂಟಕ್ಕಿ ಚೀಲಾ ತಂದ್ರು, ಹಸಿ ಅಕ್ಕಿ. ಶಾಂತವ್ವನ್ನ ಡಬ್ಬಿ ಮ್ಯಾಲ ಕುಂದ್ರಿಸಿದ್ರು. ಒಬ್ಬೊಬ್ಬರಾಗಿ ಬಂದು ಬೊಗಸಿಲೆ ಹಾಕಿದ್ರು. ಒಬ್ಬಾಕಿ ಎಳಿ ಕಾಯಿ ತಂದ್ಲು, ಒಬ್ಬಾಕಿ ಮಲ್ಲಿಗಿ ದಂಡಿ, ಒಬ್ಬಾಕಿ ಬಾಳೆಹಣ್ಣು. ಇನ್ನೊಬ್ಬಾಕಿಗೆ ಏನೂ ಸಿಗಲಿಲ್ಲ, ತನ್ನ ಚೀಲದಾಗಿನ ಬಿಸ್ಕೀಟ ಪುಡಿಕಿ ಇಟ್ಳು. ನೋಯ್ ತಲಿಗೆ ಕಟ್ಟಿದ್ದ ಹೂವಿನ ವಸ್ತ್ರ ಬಿಚ್ಚಿ, ಮಡಚಿ, ಎಲ್ಲಾದರ ಮ್ಯಾಲ ಇಟ್ಟು ಕೈ ಮುಗದ್ಲು. ನಾ ವಿಧವಿ, ನಾ ಉಡಿ ತುಂಬೂಹಂಗಿಲ್ಲ. ತುಂಬಿದೆ. ಶಾಂತವ್ವ ಅತಗೊಂತ ನಗಾಕತ್ತಿದ್ಲು.

ಅದ ದಿನಾ: ಮಧ್ಯಾನದ ಊಟ

ಊಟದ ಹೊತ್ತಿಗೆ ನಾವು ಥರ್ಮಾಕೋಲಿನ ಹಳ್ಳ್ಯಾಗ ರೊಟ್ಟಿ ಬಡಕೊಂತ ಇದ್ವಿ. ಶಾಂತವ್ವ ಉಡಿ ಬಿಚ್ಚಿದ್ದಿಲ್ಲ, ನಡಕ್ಕ ಕಟ್ಟಿಕೊಂಡ ಕುಂತಿದ್ಲು. ಅಷ್ಟರಾಗ ಬೀಗರ ಪಂಕ್ತ್ಯಾಗ ಗದ್ದಲಾ ಎದ್ದಿತು. ಗಂಡಿನ ಸ್ವಾದರಮಾವ ಅನ್ನಾ ಅಗದು ಹಲ್ಲ ಮುರಕೊಂಡಿದ್ದಾ! ಬಾಯಿಂದ ಅಡಿಕಿ ಬೆಟ್ಟ ಹೊರಗ ಬಂತು. ಇನ್ನೊಬ್ಬಾಕಿ ತಾಟಿನ್ಯಾಗ ಇಡೀ ಅರಿಷಿಣ ಕೊಂಬು.

ಆದದ್ದು ಇಷ್ಟ. ಯಾದಿ ಹುಡುಗಿ ಪರಾತದಾಗಿನ ಐದೂ ಉಡಿ ಅತಿಥಿಗೋಳ ಅಡಗಿಮನಿಗೆ ವಾಪಸ್ ಕಳಿಸಿದ್ಲು. ಅಲ್ಲಿನ ಎತ್ತರ ಟೊಪಿಗಿ ಬಾಣಸಿಗ, ಅಕ್ಕಿ, ಉತ್ತತ್ತಿ, ಬೆಲ್ಲಾ, ಅರಿಷಿಣ, ಅಡಿಕಿ ಒಂದ ಕಡೆ ನೋಡಿ, ಇದೇನೋ ಇಂಡಿಯಾದ ಮದವಿ ಅನ್ನದ ಸಾಮಾನು ಅನಕೊಂಡಾನ. ಪಾಪ, ಭಾಳ ಭಕ್ತಿಲೆ ಮಾಡಿದ್ದ. ಮ್ಯಾಲ ಗೋಡಂಬಿ ಉದರಿಸಿ, ಚಂದ ಅಕ್ಷರದಾಗ ಹೆಸರ ಬರದ ಚೀಟಿ ಬ್ಯಾರೆ ಇಟ್ಟಿದ್ದ. ನಾ ಹಂಚಿನ ಹಿಂದ ಬಗ್ಗಿ ನಗು ತಡಕೊಂಡೆ, ಹೊಟ್ಟಿ ಹಿಡಕೊಂತು.

ದೊಡ್ಡಮ್ಮಾರು ಆ ಅರಿಷಿಣ ಕೊಂಬು ಕೈಯಾಗ ಹಿಡದು ಎಲ್ಲಾ ತಿಳಕೊಂಡ್ರು. ಮುತ್ತೈದಿ ಉಡ್ಯಾಗಿನ ಅಕ್ಕಿ ಬೇಯಿಸಿ ಬೀಗರಿಗೆ ಬಡಿಸ್ಯಾರ! ಗಾಲಿ ಖುರ್ಚಿ ದಬ್ಬಿಸಿಕೊಂಡು ನಮ್ಮ ಚಪ್ಪರಕ್ಕ ಬಂದ್ರು, ಹಿಂದ ಸುಮಿತ್ರಕ್ಕಾರು ಹೊಸಾ ತಾಟ ಹಿಡಕೊಂಡು. ತಾಟಿನ್ಯಾಗ ಅಕ್ಕಿ, ಕಾಯಿ, ಜರದ ರೇಶಿಮಿ ಸೀರಿ. ಸುತ್ತಲ ಬಂಗಾರ ಪಟ್ಟಿಯವರು ನಿಂತರು. ಗಜೇಂದ್ರಗಡದವರೂ ಇದ್ರು, ಈಗ ಅವರಿಗೆ ನಾವು ಕಾಣಸಾಕತ್ತಿದ್ವಿ.

"ತಪ್ಪಾಗೇತಿ ತಂಗಿ" ಅಂದ್ರು ದೊಡ್ಡಮ್ಮಾರು. "ತುಂಬಿದ ಉಡಿ ಕಸಗೊಂಡ್ರ ನಮ್ಮ ಕೂಸಿಗೆ ಕೇಡು. ಏಳವಾ, ಸೆರಗ ಒಡ್ಡು. ಸುಮಿತ್ರಾ ತುಂಬತಾಳ."

ಶಾಂತವ್ವನ ಹೊಟ್ಟಿ ಉರದದ್ದಕ್ಕಲ್ಲ, ತಮ್ಮ ಮದುಮಗಳಿಗೆ ಕೇಡಾದೀತಂತ. ಅಷ್ಟ್ ವಯಸ್ಸಾದ್ರೂ ಲೆಕ್ಕ ತಪ್ಪಿದ್ದಿಲ್ಲ. ನಾ ಬಾಯಿ ತಗ್ಯಾಕ ಹೋದೆ. ಶಾಂತವ್ವ ನನ್ನ ಮೊಣಕೈ ಹಿಡದ್ಲು. ಹಿಟ್ಟಿನ ಕೈ ಒರಸಿಕೊಂಡು ಎದ್ದ ನಿಂತ್ಲು, ಎಂದೂ ತಲಿ ಎತ್ತಿ ಮಾತಾಡದಾಕಿ ಸುಮಿತ್ರಕ್ಕಾರ ಮಾರಿ ನೇರ ನೋಡಿದ್ಲು.

"ಜಾಗಾ ಇಲ್ರಿ ಅಕ್ಕಾರ. ಉಡಿ ತುಂಬೇತಿ."

"ಯಾರ ತುಂಬಿದ್ರು?" ಸುಮಿತ್ರಕ್ಕಾರು ತಾಟ ಕೆಳಗಿಳಿಸಿದ್ರು.

"ಕೆಳಗ ಭಾಂಡೆ ತಿಕ್ಕೊ ಅಕ್ಕಗೋಳ್ರಿ."

"ಅವರೇನ ಮುತ್ತೈದೇರೇನ? ಗಂಡ ಅದಾನೇನಂತ ಕೇಳಿದ್ದೇನ ನೀನು?"

ಶಾಂತವ್ವ ಸೆರಗಿನ ಗಂಟ ಇನ್ನೊಮ್ಮೆ ಬಿಗದ್ಲು. ಸುತ್ತಲಿದ್ದ ಎಲ್ಲಾರಿಗೂ ಕೇಳಸೂಹಂಗ, ಅಳಕ ಇಲ್ಲದ ಅಂದ್ಲು: "ಕೇಳಲಿಲ್ರಿ. ನಿನಗ ಮಕ್ಕಳದಾವೇನಂತ ಅವರೂ ನನ್ನ ಕೇಳಲಿಲ್ಲ."